ಕೌದಿಯ ಬೆನ್ನು

ನಮ್ಮ ಭಾಗದ ಕೌದಿಗೆ ಹೊಗಳಿಕೆಯ ಕೊರತೆಯೇನೂ ಇಲ್ಲ. ಅವ್ವನ ಮಮತೆ, ಅಜ್ಜಿಯ ಮಡಿಲು, ಬಡವರ ಮನೆಯ ಸಿರಿ, ಹರಿದ ಬದುಕಿಗೆ ಹಾಕಿದ ಹೊಲಿಗೆ ಎಂದು ಕೌದಿಯ ಮೇಲೆ ಬರೆಯಲು ಕುಳಿತವರಿಗೆ ಮಾತು ತಾವಾಗಿಯೇ ಒದಗಿ ಬರುತ್ತವೆ. ಅಷ್ಟೆಲ್ಲ ಬರೆದು ಮುಗಿಸಿದ ಮೇಲೂ ಒಂದು ಸಣ್ಣ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ: ಈ ಕೌದಿ ಚೆನ್ನಾಗಿದೆಯೋ, ಇಲ್ಲವೋ? ಕವನ ಸಂಕಲನವೊಂದು ಬಂದರೆ ಇಂಥ ಕವಿತೆ ಗೆದ್ದಿದೆ, ಇಂಥದು ಸೋತಿದೆ ಎಂದು ಹೇಳುತ್ತೇವೆ. ಹಾಡುವವರ ಶ್ರುತಿ ತಪ್ಪಿದರೆ ಮುಖ ಸಿಂಡರಿಸುತ್ತೇವೆ. ಕೌದಿ ಹೊಲಿದವಳಿಗೆ ಮಾತ್ರ 'ಭಾಳ ಛಂದ ಆಗೇದ' ಎಂದು ಹೇಳಿ ಮಡಚಿ ಇಟ್ಟುಬಿಡುತ್ತೇವೆ. ಇದು ಗೌರವವಲ್ಲ. ತಪ್ಪು ಕಾಣುವಷ್ಟು ಹೊತ್ತು ನೋಡದೆ ಹೊಗಳುವುದೂ ಒಂದು ಬಗೆಯ ಅಸಡ್ಡೆಯೇ.

ನಾರಾಯಣಪುರದ ನಮ್ಮ ಓಣಿಯಲ್ಲಿ ಒಬ್ಬ ಅಕ್ಕೋರು ಇದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿಯುವ ಹೆಣ್ಣುಮಕ್ಕಳಂತೆ ಅವರಿಗೆ ಅದು ಹೊಟ್ಟೆಪಾಡಲ್ಲ, ಹವ್ಯಾಸ. ಹೊಲಿದದ್ದನ್ನು ಮಾರುವುದೂ ಇಲ್ಲ. ಹೊಲಿದು ಮುಗಿಸಿದ ಕೌದಿಗಳು ಅವರ ಟ್ರಂಕಿನಲ್ಲಿವೆ, ಹೊಲಿಯಬೇಕಾದ ಕೌದಿಗಳು ಚೌಕುಳಿ ಹಾಳೆಯ ಒಂದು ನೋಟ್‌ಬುಕ್ಕಿನಲ್ಲಿವೆ. "ಪುಸ್ತಕದ ಮ್ಯಾಲ ಬರೀತಿಯಲ್ಲ ತಮ್ಮಾ, ಇವುಗಳ ಮ್ಯಾಲೂ ಒಂದು ಬರಿ ನೋಡೂಣು. ಬರೇ ಛಂದ ಅಂತ ಬರೀಬ್ಯಾಡ ಮತ್ತ" ಎಂದರು. ಹೆಸರು ಹಾಕಬಾರದೆಂದೂ ಹೇಳಿದರು. ಆದ್ದರಿಂದ ಇದು ಹೆಸರಿಲ್ಲದ ಕಲಾವಿದೆಯೊಬ್ಬರ ಕೃತಿಗಳ ವಿಮರ್ಶೆ.

ವಿಮರ್ಶೆಗೆ ಅಳತೆಗೋಲು ಬೇಕು. ಅದನ್ನು ಎಲ್ಲಿಂದ ತರುವುದು? ಹೊರಗಿನವರು ತಂದ ಅಳತೆಗೋಲು ಒಂದಿದೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅಮೆರಿಕದ ಹಳೆಯ ತೇಪೆ ಹೊದಿಕೆಗಳನ್ನು ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿದರು. ನೋಡಿದವರು ಅವುಗಳಲ್ಲಿ ಆಧುನಿಕ ಅಮೂರ್ತ ಚಿತ್ರಕಲೆಯನ್ನು ಕಂಡು ಬೆರಗಾದರು. 2002ರಲ್ಲಿ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕರಿಯ ಹೆಣ್ಣುಮಕ್ಕಳ ಹೊದಿಕೆಗಳು ಹ್ಯೂಸ್ಟನ್ನಿನ ಮ್ಯೂಸಿಯಂ ಸೇರಿದವು. ದುಡಿದು ಸವೆದ ಪ್ಯಾಂಟು ಅಂಗಿಗಳಿಂದ ಹೊಲಿದವು ಅವು. ಹೊಳೆಯ ತಿರುವಿನಲ್ಲಿರುವ ಊರು. 1960ರ ದಶಕದಲ್ಲಿ ಕೆಳಗಡೆ ಅಣೆಕಟ್ಟು ಎದ್ದು ಊರಿನ ಒಳ್ಳೊಳ್ಳೆಯ ಹೊಲಗಳು ನೀರಿಗೆ ಹೋದವು. 1982ರಲ್ಲಿ ಮುಗಿದ ಬಸವಸಾಗರದ ಮಗ್ಗುಲಲ್ಲಿ ಬದುಕುವ ನಮಗೆ ಆ ಊರು ಪರಕೀಯ ಅನ್ನಿಸುವುದಿಲ್ಲ.

ಗೋಡೆಗೆ ಹಾಕಿದ್ದರಿಂದ ಆ ಹೆಣ್ಣುಮಕ್ಕಳಿಗೆ ಮರ್ಯಾದೆ ಬಂತು, ಅದು ದೊಡ್ಡ ಮಾತು. ಆದರೆ ಗೋಡೆಗೆ ಹಾಕಿದ ಹೊದಿಕೆಗೆ ಒಂದೇ ಮುಖ. ಕೌದಿಗೆ ಎರಡು. ಮೇಲೆ ಕಾಣುವುದು ತುಂಡುಗಳ ಮುಖ. ಕೆಳಗೆ ಹಾಸಿದ ಇಡೀ ಸೀರೆ ಅದರ ಬೆನ್ನು. ನಡುವೆ ಮತ್ತಷ್ಟು ಹಳೆಯ ಅರಿವೆಯ ಪದರಗಳು. ಎಲ್ಲವನ್ನೂ ಒಂದು ಮಾಡುವುದು ಏಳುತ್ತ ಮುಳುಗುತ್ತ ಸಾಗುವ ಸಾದಾ ಹೊಲಿಗೆ. ಮುಖದ ಬಣ್ಣಗಳಲ್ಲಿ ಈ ಹೊಲಿಗೆ ಮರೆಯಾಗಬಹುದು, ಬೆನ್ನಿನಲ್ಲಿ ಮರೆಯಾಗಲು ಜಾಗವಿಲ್ಲ. ಸಾಲು ಡೊಂಕಾದದ್ದು, ಕೈ ದಣಿದು ಹೊಲಿಗೆ ಉದ್ದವಾದದ್ದು, ಬೇಗ ಮುಗಿಸಬೇಕೆಂದು ಸಾಲುಗಳ ನಡುವೆ ಅಂತರ ಬಿಟ್ಟದ್ದು ಎಲ್ಲವನ್ನೂ ಬೆನ್ನು ಹೇಳುತ್ತದೆ. ಕೌದಿಯನ್ನು ಬಲ್ಲವರು ಅದನ್ನು ಮೊದಲು ಮಗುಚಿ ನೋಡುತ್ತಾರೆ.

ಹೊಲಿಯುವವರ ಬಳಿ ತಮ್ಮದೇ ಅಳತೆಗೋಲುಗಳಿವೆ ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿಯರೇ ಸಾಕ್ಷಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿಯನ್ನು ಅಂಚಿನಿಂದ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಕೆ ಮಾಡಿದ ಬಟ್ಟೆಯ 'ಫೂಲ' ಕೂಡಬೇಕು. ಫೂಲ ಇಲ್ಲದ ಕವಂದಿ ಬತ್ತಲೆ ಎಂದು ಅವರ ಮಾತು. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನೆಲ್ಲ ಬರೆದಿಟ್ಟಿದ್ದಾರೆ. 2004ರಲ್ಲಿ ಆ ಹೆಣ್ಣುಮಕ್ಕಳದೊಂದು ಸಹಕಾರ ಸಂಘ ಆಗುವುದಕ್ಕೂ ಅವರ ಕೈ ಸೇರಿತ್ತು. 'ಬತ್ತಲೆ' ಎಂಬ ಆ ಒಂದು ಶಬ್ದದಲ್ಲಿ ಇಡೀ ವಿಮರ್ಶೆಯಿದೆ ನೋಡಿ.

ನಮ್ಮೂರಿನಲ್ಲಿಯೂ ವಿಮರ್ಶೆ ನಡೆಯುತ್ತದೆ, ವರ್ಷಕ್ಕೊಮ್ಮೆ. ನವರಾತ್ರಿಯ ಮುಂದೆ ಮನೆಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆತಕ್ಕೆ ಹೊರಬೀಳುತ್ತವೆ. ಕಾಲುವೆಯ ದಂಡೆ, ಬಂಡೆಗಲ್ಲು, ಜಾಲಿಗಿಡ, ಎಲ್ಲಿ ನೋಡಿದರೂ ಕೌದಿ. ನೀರು ಕುಡಿದ ಕೌದಿಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡಬೇಕು. ಆ ಹಿಂಡಾಟದಲ್ಲಿ ಕೆಟ್ಟ ಹೊಲಿಗೆ ಉಳಿಯುವುದಿಲ್ಲ. ಒಣಹಾಕಿದ ಕೌದಿಗಳ ನಡುವೆ ಹಾದುಹೋಗುವ ಹೆಣ್ಣುಮಕ್ಕಳು ಒಂದೆರಡು ಮಾತಿನಲ್ಲಿ ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ: "ನಡುವ ಜೋತು ಬಿದ್ದದ", "ದಾರ ಕಚ್ಚಾ ಇತ್ತು", "ಇದು ನೋಡವಾ, ಹತ್ತ ವರ್ಷ ಏನೂ ಆಗೂದಿಲ್ಲ." ನಾನು ಈ ಅಳತೆಗೋಲನ್ನೇ ಎರವಲು ತಂದು ಅಕ್ಕೋರ ಟ್ರಂಕು ತೆರೆಯುತ್ತೇನೆ.

ಮೊದಲನೆಯದು ಇಳಕಲ್ ಸೀರೆಗಳ ಕೌದಿ. ನಾಲ್ಕೂ ಕಡೆ ಸೀರೆಯ ದಡಿಗಳ ಚೌಕಟ್ಟು, ಒಳಗೆ ಕಪ್ಪು ನೀಲಿ ಒಡಲಿನ ತುಂಡುಗಳು, ನಟ್ಟನಡುವೆ ಟೋಪ ತೆನೆ ಸೆರಗಿನ ಒಂದು ಕೆಂಪು ಚೌಕ. ಆ ಕೆಂಪನ್ನು ಮತ್ತೆಲ್ಲಿಯೂ ಬಳಸದೆ ಹಿಡಿದುಕೊಂಡ ಸಂಯಮ ಮೆಚ್ಚುವಂಥದು. ಮಗುಚಿದರೆ ಬೆನ್ನಿನ ಮೇಲೆ ಚೌಕದೊಳಗೆ ಚೌಕ, ಜೋಳದ ಕಾಳಿನಷ್ಟು ಹೊಲಿಗೆ, ಎಲ್ಲಿಯೂ ಕೈ ಸೋತಿಲ್ಲ. ಆದರೂ ಇದರಲ್ಲೊಂದು ದೋಷವಿದೆ. ದಡಿ ರೇಷ್ಮೆಯದು, ಗಟ್ಟಿ. ಒಡಲು ನೂಲಿನದು, ಉಟ್ಟು ಸವೆದದ್ದು. ಗಟ್ಟಿಯದನ್ನೂ ಸವೆದದ್ದನ್ನೂ ಅಂಚಿಗಂಚು ಹಚ್ಚಿ ಹೊಲಿದರೆ ಒಗೆತದಲ್ಲಿ ಗಟ್ಟಿಯದು ಎಳೆಯುತ್ತದೆ, ಸವೆದದ್ದು ಸೀಳುತ್ತದೆ. ದಡಿಯ ಗುಂಟ ಮೂರು ಕಡೆ ಹಾಗೆಯೇ ಆಗಿ, ಮೇಲೆ ತೇಪೆ ಬಂದಿದೆ. ದಡಿಯ ಕೆಳಗೆ ಒಂದು ಪದರ ಹೆಚ್ಚು ಕೊಟ್ಟಿದ್ದರೆ ಈ ಕೌದಿಗೆ ಹೆಸರಿಡಲು ಏನೂ ಇರುತ್ತಿರಲಿಲ್ಲ.

ಎರಡನೆಯದು ನಕ್ಷತ್ರದ ಕೌದಿ. ಮಗಳು ಮೊಬೈಲಿನಲ್ಲಿ ತೋರಿಸಿದ ಪರದೇಶದ ಮಾದರಿ. ಎಂಟು ಮೂಲೆಯ ನಕ್ಷತ್ರಗಳು, ಹೊಸ ಬಟ್ಟೆ, ಮಷಿನ್ ಹೊಲಿಗೆ. ದೂರದಿಂದ ನೋಡಿದರೆ ಕಣ್ಣು ಸೆಳೆಯುತ್ತದೆ. ಹತ್ತಿರ ಹೋದರೆ ನಕ್ಷತ್ರದ ಮೊನೆಗಳು ಒಂದಕ್ಕೊಂದು ಕೂಡಿಲ್ಲ. ಕಾರಣ ಸರಳವಾಗಿದೆ. ಚೌಕದ ತುಂಡು ನೂಲಿನ ಗುಂಟ ಕತ್ತರಿಸಿದ್ದು, ಅದರ ಅಂಚು ಜಗ್ಗುವುದಿಲ್ಲ. ತ್ರಿಕೋನದ ಒಂದು ಅಂಚಾದರೂ ಓರೆಯಾಗಿಯೇ ಇರುತ್ತದೆ, ಓರೆ ಅಂಚು ಕೈ ಹಚ್ಚಿದರೆ ಜಗ್ಗುತ್ತದೆ. ಆ ಮಾದರಿ ಒಂದೇ ದಪ್ಪದ, ಒಂದೇ ಬಗೆಯ ಹತ್ತಿ ಬಟ್ಟೆಯನ್ನು ಬೇಡುತ್ತದೆ. ಅಕ್ಕೋರು ಹತ್ತಿ, ಪಾಲಿಯೆಸ್ಟರ್, ಸ್ಯಾಟಿನ್ ಮೂರನ್ನೂ ಕೂಡಿಸಿದ್ದಾರೆ. ಹೊದ್ದರೆ ಮೈಮೇಲೆ ನಿಲ್ಲದೆ ಜಾರುತ್ತದೆ. ನಾನಿದನ್ನು ಹೇಳಿದಾಗ ಅವರು ಒಪ್ಪಲಿಲ್ಲ. "ಮೊದಲ ಸರ್ತಿ ರೊಟ್ಟಿ ಬಡದಾಕಿದು ದುಂಡಗ ಬರ್ತದೇನು? ನಕ್ಷತ್ರ ನಾ ಬಿಡೂದಿಲ್ಲ" ಎಂದರು. ಬಿಡಬಾರದು. ಆದರೆ ಮಾದರಿಯನ್ನು ಎರವಲು ತಂದವರು ಅದರ ಶಿಸ್ತನ್ನೂ ತರಬೇಕಾಗುತ್ತದೆ.

ಮೂರನೆಯದು ತೊಟ್ಟಿಲ ಕೌದಿ. ಮೊಳಕ್ಕಿಂತ ತುಸು ದೊಡ್ಡದು, ಬರೀ ಹಳೆಯ ಧೋತರಗಳದು. ಬಣ್ಣವೆಂದರೆ ಮೂಲೆಗಳ ನಾಲ್ಕು ಹಸಿರು ತುಂಡುಗಳು ಮಾತ್ರ. ನೂರಾರು ಸಲ ಒಗೆದ ಧೋತರದ ಮೆತ್ತಗೆ ಹೊಸ ಬಟ್ಟೆಗೆ ಬರುವುದಿಲ್ಲ. ಒಗೆದರೆ ಬೇಗ ಒಣಗುತ್ತದೆ, ಕೂಸಿನ ಹಾಸಿಗೆಗೆ ಅದಕ್ಕಿಂತ ದೊಡ್ಡ ಗುಣ ಬೇರೆ ಬೇಡ. ನನ್ನ ಮಟ್ಟಿಗೆ ಅಕ್ಕೋರ ಅತ್ಯುತ್ತಮ ಕೃತಿ ಇದೇ. ಗೋಡೆಗೆ ಹಾಕಿದರೆ ಇದನ್ನು ಯಾರೂ ತಿರುಗಿ ನೋಡಲಾರರು.

ಇನ್ನು ನೋಟ್‌ಬುಕ್ಕು. ಅದರಲ್ಲಿ ಹನ್ನೊಂದು ನಕಾಶೆಗಳಿವೆ. ಅವರ ದೊಡ್ಡ ಆಸೆ ಬಸವಸಾಗರದ ಕೌದಿ: ಆಣೆಕಟ್ಟಿನ ಮೂವತ್ತು ಗೇಟುಗಳಿಗೆ ಮೂವತ್ತು ಬಿಳಿ ಪಟ್ಟಿ, ಕೆಳಗೆ ನೀರು, ಮೇಲೆ ಹಿನ್ನೀರು. ಪೆನ್ಸಿಲಿನಲ್ಲಿ ಸೊಗಸಾಗಿಯೇ ಕಾಣುತ್ತದೆ. ನನ್ನ ಅನುಮಾನ ಎಣಿಕೆಯ ಬಗ್ಗೆ. ನಮ್ಮ ಕೌದಿಯ ನಕಾಶೆ ಮನೆಯಲ್ಲಿ ಯಾವ ಅರಿವೆ ಎಷ್ಟು ಉಳಿದಿದೆ ಎಂಬುದರಿಂದ ಹುಟ್ಟಿ ಬಂದದ್ದು. ಬಿಳಿ ಮುಗಿದಲ್ಲಿ ಹಳದಿ ಬಂತು, ಹಳದಿ ಸಾಲದಾದಾಗ ಸಾಲು ತಿರುಗಿತು. ಆ ಕೊರತೆಯೇ ಕೌದಿಗೆ ಕಳೆ ಕೊಟ್ಟಿತು. ಮೂವತ್ತೂ ಪಟ್ಟಿಯನ್ನು ಅಂಗಡಿಯಿಂದ ಒಂದೇ ಥಾನಿನಲ್ಲಿ ಕತ್ತರಿಸಿ ತಂದರೆ ಅದು ಆಣೆಕಟ್ಟಿನ ಚಿತ್ರ ಆದೀತು, ಕೌದಿ ಆದೀತೆಂದು ನನಗೆ ಭರವಸೆಯಿಲ್ಲ. ಮೂವತ್ತು ಬಗೆಯ ಬಿಳಿಯನ್ನು ಟ್ರಂಕಿನಲ್ಲಿಯೇ ಹುಡುಕಿದರೆ ಎರಡೂ ಆದೀತು.

ಹುಡುಕಿದರೆ ಸಿಗುತ್ತದೆಯೇ ಎಂಬುದೇ ಈಗಿನ ತೊಡಕು. ನೇಕಾರ ವಚನಕಾರ ಜೇಡರ ದಾಸಿಮಯ್ಯನ ಮುದನೂರು ಇದೇ ಸುರಪುರ ಸೀಮೆಯದು. ಅಂಥ ಸೀಮೆಯಲ್ಲಿ ಇಂದು ಮನೆಯ ಹಳೆ ಬಟ್ಟೆಯ ಗಂಟು ಬಿಚ್ಚಿದರೆ ಬೀಳುವುದು ಹೆಚ್ಚಿಗೆ ಸಿಂಥೆಟಿಕ್ ಸೀರೆಗಳೇ. ಅವು ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತವೆ. ಅವುಗಳಿಂದ ಒಳ್ಳೆಯ ಕೌದಿ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ; ಹೊಲಿಗೆಯ ಸಾಲು ಇನ್ನೂ ಹತ್ತಿರ ಬರಬೇಕು, ನಡುವಿನ ಪದರವಾದರೂ ಹತ್ತಿಯದಿರಬೇಕು. ಇದನ್ನು ಪ್ರಯೋಗ ಮಾಡಿ ನೋಡಬೇಕಾದವರು ಅಕ್ಕೋರಂಥವರೇ. ಕೂಲಿಗೆ ಹೊಲಿಯುವವಳಿಗೆ ಕೆಡಿಸಿ ಕಲಿಯುವಷ್ಟು ಪುರಸತ್ತಿಲ್ಲ, ಹವ್ಯಾಸದವರಿಗೆ ಇದೆ. ನಕ್ಷತ್ರ ಕೆಟ್ಟರೂ ಇನ್ನೊಂದು ಹೊಲಿಯಬಹುದು.

ನಾವು ಮಾಡಬೇಕಾದದ್ದು ಇಷ್ಟೇ. ಯಾರಾದರೂ ಕೌದಿ ಹಾಸಿ ತೋರಿಸಿದರೆ, 'ಛಂದ ಆಗೇದ' ಎನ್ನುವ ಮೊದಲು ಅದನ್ನು ಮಗುಚಿ ನೋಡಬೇಕು.