ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ

ಮೊನ್ನೆ ಕೊಪ್ಪದಲ್ಲಿ ಮಳೆ ಸ್ವಲ್ಪ ಹೊಳವಾಯಿತು. ಎತ್ತಿಟ್ಟಿದ್ದ ಚಹಾ ಬಿಲ್ಲೆಯ ಕಾಗದ ಬಿಚ್ಚಿದೆ. ಚೀನಾದ ಯುನ್ನಾನ್ ಪ್ರಾಂತ್ಯದ ಹಸಿ ಪು-ಅರ್. ಬರೀ ಕುಡಿಗಳನ್ನು ಒತ್ತಿ ಮಾಡಿದ್ದು. ಒಂದೊಂದು ಕುಡಿಯ ಮೇಲೂ ಬೆಳ್ಳಿಯಂಥ ನವಿರು ರೋಮ. ಬಿಲ್ಲೆಯನ್ನು ಕೈಯಲ್ಲಿ ಮುರಿಯಬಾರದು, ಕುಡಿ ತುಂಡಾದರೆ ಕಹಿ ಬೇಗ ಬಿಡುತ್ತದೆ. ಅಡಿಕೆ ಚೀಲ ಹೊಲಿಯುವ ದಬ್ಬಳವನ್ನು ಅಂಚಿನಿಂದ ತೂರಿಸಿ ಪದರ ಪದರವಾಗಿ ಬಿಡಿಸಿದೆ.

ಗಿಡ ಅಸ್ಸಾಂ ಚಹಾದ ಜಾತಿಯದೇ. ಕೊಯ್ದದ್ದನ್ನು ಬಾಡಿಸಿ, ಬಾಣಲೆಯಲ್ಲಿ ಹುರಿದು, ಹೊಸಕಿ, ಬಿಸಿಲಿಗೆ ಒಣಗಿಸಿ, ಹಬೆ ಕೊಟ್ಟು ಒತ್ತುತ್ತಾರೆ. ಒದ್ದೆ ಮಾಡಿ ರಾಶಿ ಹಾಕಿ ಬೇಗ ಮಾಗಿಸುವ ಕ್ರಮ 1973ರಲ್ಲಿ ಕುನ್‌ಮಿಂಗ್‌ನಲ್ಲಿ ಬಂದದ್ದು. ಹಾಗೆ ಮಾಗಿಸಿದ ಕಪ್ಪು ಚಹಾದ ರುಚಿಯೇ ಬೇರೆ.

100 ಮಿಲಿಲೀಟರ್ ನೀರಿಗೆ 5 ಗ್ರಾಂ. ಮರಳಿದ ನೀರು ತುಸು ಆರಲಿ. ಮೊದಲ ನೀರು ಚೆಲ್ಲಿ, ಆಮೇಲೆ ಹತ್ತು ಹತ್ತು ಸೆಕೆಂಡಿಗೆ ಬಸಿಯಬೇಕು.

ನರಸಿಂಹರಾಜಪುರದಿಂದ ಬಂದಿದ್ದ ಅತ್ತಿಗೆ ಬಟ್ಟಲು ನೋಡಿ, "ಇದೆಂತ ಚಾ, ಹಾಲೂ ಇಲ್ಲ, ಸಕ್ಕರೆನೂ ಇಲ್ಲ?" ಎಂದರು. ಎರಡನೇ ಬಸಿತಕ್ಕೆ, "ಒಗರು" ಎಂದು ಮುಖ ಕಿವುಚಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಡಿ, ಗಂಟಲಲ್ಲಿ ಸಿಹಿ ಬರ್ತಾ ಇದೆ!" ಎಂದರು. ಚೀನೀಯರು ಇದನ್ನು ಹುಯಿಗಾನ್ ಎನ್ನುತ್ತಾರೆ, ಮರಳಿ ಬರುವ ಸಿಹಿ. ಬೆಟ್ಟದ ನೆಲ್ಲಿಕಾಯಿ ಕಚ್ಚಿ ಮೇಲೆ ನೀರು ಕುಡಿದು ಬೆಳೆದ ನಾಲಿಗೆಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಪು-ಅರ್ ಕುಡಿಯುವಾಗ ನಾನು ಕಾಯುವುದು ಗುಟುಕು ಇಳಿದ ನಂತರದ ಆ ಗಳಿಗೆಗೆ. ಕುಡಿಯ ಬಿಲ್ಲೆಯಲ್ಲಿ ಕಹಿ ಕಡಿಮೆಯಾದ್ದರಿಂದ ಅದು ತಿಳಿಯಾಗಿ ಸಿಗುತ್ತದೆ.

ಅಡಿಕೆಯಲ್ಲಿ ಎಳೆಯ ಕಾಯಿಯ ಹಸ ಎಂಬ ದರ್ಜೆಗೇ ಹೆಚ್ಚು ದರ. ಚಹಾದಲ್ಲಿ ಆ ಲೆಕ್ಕ ಪೂರ್ತಿ ಹಿಡಿಯುವುದಿಲ್ಲ. ಬರೀ ಕುಡಿಗೆ ಪರಿಮಳವಿದೆ, ಮೈ ಸಾಲದು. ಇಪ್ಪತ್ತು ವರ್ಷ ಮಾಗಿಸುವ ಆಸೆಯಿದ್ದವರು ಎಲೆಯೂ ಸೇರಿದ ಬಿಲ್ಲೆ ಕೊಳ್ಳಲಿ. ಬರೀ ಕುಡಿಯ ಬಿಲ್ಲೆಯನ್ನು ಪರಿಮಳವಿರುವಾಗಲೇ ಕುಡಿಯಲಿ.

ನಮ್ಮ ಮಳೆಗಾಲದಲ್ಲಿ ಬಿಲ್ಲೆ ಹೊರಗಿಟ್ಟರೆ ಬೂಷ್ಟು ಖಂಡಿತ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ ಕುಡಿದು ಕೆಡುತ್ತದೆ. ಚಹಾ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುವ ವಸ್ತು. ಉಪ್ಪಿನಕಾಯಿ ಕಾಣದ ಹೊಸ ಭರಣಿಯೊಂದನ್ನು ಅದಕ್ಕೆಂದೇ ಇಟ್ಟಿದ್ದೇನೆ. ಉಳಿದ ಬಿಲ್ಲೆ ಅದರೊಳಗಿದೆ. ಅತ್ತಿಗೆ ಮಾತ್ರ ಏಳನೇ ಬಸಿತದವರೆಗೂ ಬಟ್ಟಲು ಕೆಳಗಿಡಲಿಲ್ಲ.