ಅಂತಃಪುರದ ಪಟಗಳೂ ಅಡಿಬರಹಗಳೂ

ಛಾಯಾಗ್ರಹಣ ಕಲೆ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಅನಂತರದ ಮೂವತ್ತು ವರ್ಷಗಳೊಳಗೇ ಪರ್ಶಿಯಾದ ದೊರೆ ನಾಸಿರುದ್ದೀನ್ ಷಾ ಸ್ವತಃ ಕ್ಯಾಮರಾ ಹಿಡಿದು ತನ್ನ ರಾಣೀವಾಸದ ಪಟಗಳನ್ನು ತೆಗೆದ. 1848ರಿಂದ 1896ರವರೆಗೆ ಆಳಿದ ಈತನ ಆಲ್ಬಮ್ಮುಗಳು ಟೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿವೆ. ಪರಪುರುಷರ ಕಣ್ಣಿಗೆ ಬೀಳಬಾರದ ಹೆಂಗಸರು ಅವುಗಳಲ್ಲಿ ಗಿಡ್ಡ ಲಂಗದ ಮನೆಯುಡುಪಿನಲ್ಲಿದ್ದಾರೆ. ಕೆಲವರ ಕೈಯಲ್ಲಿ ಹುಕ್ಕಾ ಕೊಳವೆ.

ಇವನ್ನು ಅಂತಃಪುರಕ್ಕೆ ತೆರೆದ ಕಿಟಕಿ ಎಂದು ಹೊಗಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಎದುರಿಗೆ ನಿಂತವನು ಗಂಡನೂ ಹೌದು, ದೊರೆಯೂ ಹೌದು. ಮೇಲಾಗಿ ಅದು ಹಸಿ ಗಾಜಿನ ತಟ್ಟೆಯ ಕಾಲ. ಕೆಲವು ಸೆಕೆಂಡು ಅಲುಗಾಡದೆ ಕೂರಬೇಕು. ಆ ಮುಖಗಳ ಬಿಗಿಯಲ್ಲಿ ಮನಸ್ಸಿನ ಪಾಲೆಷ್ಟು, ಯಂತ್ರದ ಪಾಲೆಷ್ಟು? ಒಳಗಿನ ಮಾತು ಬೇಕಾದವರು ಅವನ ಮಗಳು ತಾಜುಸ್ಸಲ್ತನಾ ಬರೆದ ಆತ್ಮಕಥನವನ್ನೇ ಓದಬೇಕು. ಪರದೆಯ ಬದುಕನ್ನು ಆಕೆ ದಾಕ್ಷಿಣ್ಯವಿಲ್ಲದೆ ಟೀಕಿಸಿದ್ದಾಳೆ. ತಂದೆಯ ನೂರು ಪಟಗಳು ಹೇಳದ್ದನ್ನು ಮಗಳ ಲೇಖನಿ ಹೇಳಿತು.

ಆದರೂ ಷಾನ ಒಂದು ಅಭ್ಯಾಸವನ್ನು ಮೆಚ್ಚಲೇಬೇಕು. ಪಟಗಳಿಗೆ ಅವನು ತನ್ನ ಕೈಯಿಂದಲೇ ಅಡಿಬರಹ ಬರೆದಿಡುತ್ತಿದ್ದ. ಅಡಿಬರಹ ಕಳಚಿದರೆ ಆಗುವುದೇನೆಂದು ಇಂದಿನ ಮೊಬೈಲುಗಳಲ್ಲಿ ಕಾಣಬಹುದು. ಅವನ ಇನ್ನೊಬ್ಬ ಮಗಳು ಇಸ್ಮತುದ್ದೌಲಾಳ ಪಟ, ಇವಳು ಒಲ್ಲೆನೆಂದದ್ದಕ್ಕೆ 13 ಮಂದಿ ಗಂಡಸರು ಪ್ರಾಣ ಕಳೆದುಕೊಂಡರೆಂಬ ಶುದ್ಧ ಸುಳ್ಳಿನೊಡನೆ ಊರೂರು ಸುತ್ತುತ್ತಿದೆ. ಮೇಲ್ತುಟಿಯ ಮೇಲಿನ ನವಿರು ಮೀಸೆ ಅಂದು ಅಲ್ಲಿ ಚೆಲುವಿನ ಲಕ್ಷಣ. ಹೆಸರು ತಿಳಿಯದೆ ನಗುವವರಿಗೆ ಅದೂ ತಿಳಿದಿರುವುದಿಲ್ಲ.

ನಮಗೆ ಹತ್ತಿರದ ಉದಾಹರಣೆ ಹೈದರಾಬಾದಿನದು. ಲಾಲಾ ದೀನ್ ದಯಾಳರು 1892ರಲ್ಲಿ ಅಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ, ಗಂಡಸರಿಗೆ ಪ್ರವೇಶವಿಲ್ಲ. ಪಟ ತೆಗೆಯುತ್ತಿದ್ದವರು ಶ್ರೀಮತಿ ಕೆನಿ-ಲೆವಿಕ್, ಸಹಾಯಕರೂ ಹೆಂಗಸರೇ. ಬೀದರ, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನದಲ್ಲಿದ್ದವು. (ಅವು ಕನ್ನಡನಾಡಿಗೆ ಸೇರಿದ 1956ರ ನವೆಂಬರ್ 1ರಂದೇ ಕಾಸರಗೋಡು ಹೊರಗುಳಿಯಿತು, ಇರಲಿ.) ಟೆಹರಾನಿನಲ್ಲಿ ನೋಡುವ ಕಣ್ಣು ಅರಸನದಾದರೆ ಇಲ್ಲಿ ಅದು ಇನ್ನೊಬ್ಬ ಹೆಂಗಸಿನದು. ಗೋಡೆ ಮಾತ್ರ ಎರಡೂ ಕಡೆ ಇತ್ತು.

ನೆಕ್ರಾಜೆ ಸುತ್ತಿನ ಹಳೆಯ ಮನೆಗಳ ಚಾವಡಿಯಲ್ಲೂ ಕಟ್ಟು ಹಾಕಿಸಿದ ಪಟಗಳಿವೆ. ಗಂಡಸರದಾದರೆ ಹೆಸರೂ ಉದ್ಯೋಗವೂ ಮನೆಮಂದಿಗೆಲ್ಲ ಬಾಯಿಪಾಠ. ಪಕ್ಕದಲ್ಲಿ ನಿಂತ ಹೆಂಗಸು ಇಂಥವರ ಹೆಂಡತಿ, ಇಂಥವರ ತಾಯಿ. ಅಪರೂಪಕ್ಕೆ ಕೆಲವದರ ಹಿಂಬದಿಯಲ್ಲಿ ಆಕೆಯ ಹೆಸರು ಮಾಸಿದ ಶಾಯಿಯ ಕನ್ನಡ ಅಕ್ಷರಗಳಲ್ಲಿ ಸಿಗುತ್ತದೆ. ಮಲಯಾಳ ಮಾಧ್ಯಮದಲ್ಲಿ ಕಲಿಯುವ ಮೊಮ್ಮಗಳು ಪಟವನ್ನು ತಿರುಗಿಸಿ, “ಅಜ್ಜೀ, ಇದರಲ್ಲಿ ಎಂತ ಬರೆದದ್ದು?” ಎಂದು ಕೇಳುತ್ತಾಳೆ. ಅಜ್ಜಿ ಇರುವ ಮನೆಗಳಲ್ಲಿ ಉತ್ತರ ಸಿಗುತ್ತದೆ.