ಚಲಚ್ಚಿತ್ರದಲ್ಲಿ ಶೃಂಗಾರ: ಹಾಡು ಯಾರ ಮಾತು?

ಚಲಚ್ಚಿತ್ರದ ಹಾಡು-ಕುಣಿತಗಳು ಕಥೆಯ ಓಟಕ್ಕೆ ಅಡ್ಡಿಯೆಂದೂ, ಎಳೆಯರ ಮನಸ್ಸನ್ನು ಕೆಡಿಸುತ್ತವೆಂದೂ ಉಪಾಧ್ಯಾಯವರ್ಗದಲ್ಲಿ ಅನೇಕರು ಹೇಳುವುದುಂಟು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಎಲ್ಲ ಹಾಡುಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ವಿಮರ್ಶೆಯಾಗಲಾರದು. ಹಾಡು ಪ್ರೇಮವನ್ನು ಹೇಗೆ ಹೇಳುತ್ತದೆ, ಯಾರಿಂದ ಹೇಳಿಸುತ್ತದೆ ಎಂಬುದನ್ನು ಕಂಡೇ ನಾವು ಬೆಲೆ ಕಟ್ಟಬೇಕು.

ಹಾಡಿನ ಮೂಲಕ ಅನುರಾಗವನ್ನು ಅರುಹುವುದು ಸಿನಿಮಾದವರು ಕಂಡುಹಿಡಿದ ಉಪಾಯವಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಎರಡನೆಯ ಅಂಕದಲ್ಲಿ ಮಾಲವಿಕೆ ರಾಣಿ ಧಾರಿಣಿಯ ಎದುರಿನಲ್ಲಿಯೇ ಹಾಡಿ ಅಭಿನಯಿಸುತ್ತಾಳೆ. ಪರಿಚಾರಿಕೆಯಾದವಳು ಅರಸನೊಡನೆ ಆಡಲಾರದ ಮಾತನ್ನು ನೃತ್ಯದ ನೆಪದಲ್ಲಿ ಆಡಿಬಿಡುತ್ತಾಳೆ. ಸಭೆಗೆ ಅದು ವಿದ್ಯಾಪ್ರದರ್ಶನ, ಅರಸನಿಗೆ ಆತ್ಮನಿವೇದನೆ.

ಕೆ. ಆಸಿಫರ ‘ಮೊಘಲ್-ಎ-ಆಜಂ’ (1960) ಚಿತ್ರದ ಅನಾರ್ಕಲಿ ಈ ನೆಪವನ್ನೂ ಕಿತ್ತೊಗೆಯುತ್ತಾಳೆ. ಅಲ್ಲಿಯವರೆಗೆ ಕಪ್ಪು-ಬಿಳುಪಿನಲ್ಲಿ ಸಾಗಿದ ಚಿತ್ರ ಶೀಶ್ ಮಹಲಿನ ನೃತ್ಯದಲ್ಲಿ ವರ್ಣಮಯವಾಗುತ್ತದೆ. ಚಕ್ರವರ್ತಿಯ ಮನರಂಜನೆಗೆಂದು ಕುಣಿಯಬೇಕಾದವಳು ಚಕ್ರವರ್ತಿಗೇ ತನ್ನ ಒಲವನ್ನು ಸಾರುತ್ತಾಳೆ. ಅಕ್ಬರನು ಕಣ್ಣೆತ್ತಿದರೆ ಮೇಲಿನ ಕನ್ನಡಿಗಳಲ್ಲೆಲ್ಲ ಅವಳೇ. ಒಬ್ಬಳ ಬಾಯಿ ಕಟ್ಟಬಹುದು, ಅಷ್ಟೊಂದು ಬಿಂಬಗಳನ್ನು ಕಟ್ಟಿಹಾಕುವುದೆಂತು? ಇಲ್ಲಿ ಕುಣಿತ ಅಲಂಕಾರವಲ್ಲ, ಕಥೆಯ ತಿರುವೇ ಅದು.

ಅದೇ ಚಿತ್ರದಲ್ಲಿ ಇನ್ನೊಂದು ಸನ್ನಿವೇಶವಿದೆ. ದೂರದಲ್ಲಿ ತಾನಸೇನ ಹಾಡುತ್ತಿದ್ದಾನೆ. ಕಂಠ ಬಡೇ ಗುಲಾಂ ಅಲಿ ಖಾನರದು. ಪ್ರೇಮಿಗಳು ಹಾಡುವುದೂ ಇಲ್ಲ, ಕುಣಿಯುವುದೂ ಇಲ್ಲ. ಸಲೀಮನ ಕೈಯ ಗರಿಯೊಂದು ಅನಾರ್ಕಲಿಯ ಮುಖವನ್ನು ಸವರುತ್ತದೆ, ಅಷ್ಟೆ. ತೋರಿಸದೆ ಉಳಿಸಿದ್ದನ್ನು ರಾಗ ತುಂಬಿಕೊಡುತ್ತದೆ. ಧ್ವನಿಯೆಂದು ನಮ್ಮ ಆಲಂಕಾರಿಕರು ಕರೆದದ್ದು ಇದನ್ನೇ ಅಲ್ಲವೆ?

ಅರಮನೆಯಿಲ್ಲದ ಬಡವರ ಶೃಂಗಾರವನ್ನು ಕಾಣಬೇಕಾದರೆ ರಾಜ್ ಕಪೂರರ ‘ಶ್ರೀ 420’ (1955) ನೋಡಬೇಕು. ಮಳೆ, ಬೀದಿ, ಇಬ್ಬರಿಗೂ ಒಂದೇ ಕೊಡೆ. ಮಳೆ ಉದ್ದೀಪನ ವಿಭಾವವೆಂದು ನಾವು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಇಲ್ಲಿ ಅದು ಸಂಕೋಚಪಡುವ ಇಬ್ಬರನ್ನು ನಿಜವಾಗಿಯೂ ಹತ್ತಿರಕ್ಕೆ ತರುತ್ತದೆ. ಹಾಡಿನ ನಡುವೆ ಮೂವರು ಮಕ್ಕಳು ಮಳೆಯಲ್ಲಿ ನಡೆದುಹೋಗುತ್ತಾರೆ. ಬಯಕೆ ಆ ಒಂದು ನೋಟದಲ್ಲಿ ಸಂಸಾರದ ಕನಸಾಗುತ್ತದೆ.

ಇವುಗಳ ಎದುರಿಗೆ ಇನ್ನೊಂದು ಬಗೆಯ ಹಾಡನ್ನಿಟ್ಟು ನೋಡೋಣ. ನಾಯಕನು ನಾಯಕಿಯ ಬೆನ್ನುಹತ್ತುತ್ತಾನೆ, ದಾರಿಗಟ್ಟುತ್ತಾನೆ. ಮೊದಲ ಚರಣದಲ್ಲಿ ಸಿಡುಕಿದವಳು ಮೂರನೆಯ ಚರಣದಲ್ಲಿ ನಗುತ್ತಾಳೆ. ಈ ಮನಃಪರಿವರ್ತನೆಗೆ ಕಾರಣವೇ ಇಲ್ಲ. ಹಾಡನ್ನು ಕಿತ್ತು ಬೇರೊಂದು ಚಿತ್ರಕ್ಕೆ ಹಚ್ಚಿದರೂ ನಷ್ಟವಿಲ್ಲ. ಆದರೆ ಪೀಡನೆಯೇ ಪ್ರಣಯ, ಹೆಣ್ಣಿನ ‘ಒಲ್ಲೆ’ ಎಂಬುದಕ್ಕೆ ಅರ್ಥವಿಲ್ಲ ಎಂಬ ಪಾಠವನ್ನು ಅದು ಇಂಪಾದ ದನಿಯಲ್ಲಿ ಕಲಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಅಶ್ಲೀಲವೆಂದರೆ ಇದು; ಗರಿಯ ಸ್ಪರ್ಶವಲ್ಲ.

ಗಡಿನಾಡಿನ ನಮ್ಮ ಮಕ್ಕಳ ಕಿವಿಗೆ ಕನ್ನಡದೊಡನೆ ನೆರೆಭಾಷೆಗಳ ಹಾಡುಗಳೂ ಬೀಳುತ್ತವೆ. ಬಾಗಿಲು ಮುಚ್ಚುವುದರಿಂದ ಅವನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಹಾಡು ಮುಗಿದ ಮೇಲೆ ಕೇಳಲು ಮೂರು ಪ್ರಶ್ನೆಗಳನ್ನು ಕಲಿಸಿದರೆ ಸಾಕು: ಇದು ಯಾರ ಬಯಕೆ? ಎದುರಿನವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಇತ್ತೆ? ಹಾಡಿನಿಂದ ಅವರಿಬ್ಬರ ನಡುವೆ ಏನು ಬದಲಾಯಿತು? ಈ ಪ್ರಶ್ನೆಗಳನ್ನು ಕೇಳಬಲ್ಲ ವಿದ್ಯಾರ್ಥಿಯೇ ಕಾಳಿದಾಸನನ್ನೂ ಸರಿಯಾಗಿ ಓದಬಲ್ಲನು.